ಕಲ್ನಾರಿನ ನೆಲದಲ್ಲಿ ಕೆಲಸ ಮಾಡಿದ ನನ್ನ ಅನುಭವ

ಭೂವಿಜ್ಞಾನದ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೊಂದು ಅಭ್ಯಾಸ ಇತ್ತು. ಹಸಿರು ಬಂಡೆಯ ಬಿರುಕಿನಲ್ಲಿ ರೇಷ್ಮೆಯಂತೆ ಹೊಳೆಯುವ ಪಟ್ಟಿ ಕಂಡರೆ ಸಾಕು, ಉಗುರಿನಿಂದ ಕೆರೆದು ನಾರು ಬಿಡಿಸುತ್ತಿದ್ದೆ. ಪುಡಿಯನ್ನು ಬಾಯಿಂದ ಊದಿ, ಲೆನ್ಸ್ ಹಿಡಿದು ನೋಡುತ್ತಿದ್ದೆ. ಕಲ್ಲು ಹತ್ತಿಯ ಹಾಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುವುದನ್ನು ನೋಡುವುದೇ ಒಂದು ಖುಷಿ. ಒಂದು ದಿನ ನನ್ನ ಹಿರಿಯರೊಬ್ಬರು ಕೈ ಹಿಡಿದು ತಡೆದರು. "ಮೊದಲು ನೀರು ಹಾಕು, ಆಮೇಲೆ ಮುಟ್ಟು" ಅಂದರು. ಅಂದಿನಿಂದ ನನ್ನ ಚೀಲಕ್ಕೆ ಸುತ್ತಿಗೆಗಿಂತ ಮೊದಲು ನೀರಿನ ಸ್ಪ್ರೇ ಬಾಟಲಿ ಹೋಗುತ್ತದೆ.

ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಎಂದ ತಕ್ಷಣ ಜನರಿಗೆ ನೆನಪಾಗುವುದು ಚಾವಣಿಯ ಶೀಟು. ಆದರೆ ಅದು ಕಾರ್ಖಾನೆಯಲ್ಲಿ ಹುಟ್ಟಿದ ವಸ್ತುವಲ್ಲ, ನೆಲದಲ್ಲೇ ಬೆಳೆದ ಖನಿಜ. ಆರು ಬಗೆಯ ಖನಿಜಗಳನ್ನು ಆ ಹೆಸರಿನಿಂದ ಕರೆಯುತ್ತಾರೆ. ಕ್ರೈಸೊಟೈಲ್ ಸರ್ಪೆಂಟೈನ್ ಎಂಬ ಗುಂಪಿನದು. ಉಳಿದ ಐದು, ಟ್ರೆಮೊಲೈಟ್, ಕ್ರೊಸಿಡೊಲೈಟ್ ಇತ್ಯಾದಿ, ಆಂಫಿಬೋಲ್ ಗುಂಪಿನವು. ನಾನು ಹೆಚ್ಚಾಗಿ ಕಂಡಿರುವುದು ಕ್ರೈಸೊಟೈಲ್ ಮತ್ತು ಟ್ರೆಮೊಲೈಟ್.

ಒಂದು ಗುಡ್ಡವನ್ನು ಕಡಿದು ರಸ್ತೆ ಮಾಡಬೇಕಿತ್ತು. ಅಲ್ಲಿ ಕಲ್ನಾರು ಇದೆಯಾ ಅಂತ ನೋಡುವ ಕೆಲಸ ನನಗೆ ಬಂತು. ಮೊದಲು ನಕ್ಷೆ ತೆಗೆದು ಸರ್ಪೆಂಟಿನೈಟ್ ಎಂಬ ಹಸಿರು ಬಂಡೆ ಎಲ್ಲಿದೆ, ಬಳಪದ ಕಲ್ಲು ಎಲ್ಲಿದೆ, ಬಂಡೆ ಸೀಳಿ ಜರುಗಿದ ಗೆರೆಗಳು ಎಲ್ಲಿ ಹಾದುಹೋಗಿವೆ ಅಂತ ಗುರುತು ಹಾಕಿಕೊಂಡೆ. ನಾರು ಸಿಗುವುದು ಇಂಥ ಕಡೆಗಳಲ್ಲೇ ಜಾಸ್ತಿ. ಸುಣ್ಣದ ಕಲ್ಲಿನ ಜಾತಿಗೆ ಸೇರಿದ ಡೊಲೊಮೈಟ್‌ನೊಳಗೆ ಬಿಸಿ ಶಿಲಾರಸ ನುಗ್ಗಿದ ಜಾಗದಲ್ಲೂ ಕ್ರೈಸೊಟೈಲ್ ಹುಟ್ಟುತ್ತದೆ. ಹಾಗಾಗಿ ಹಸಿರು ಕಲ್ಲು ಕಾಣಲಿಲ್ಲ ಅಂತ ಸುಮ್ನೆ ಬಿಡುವ ಹಾಗಿಲ್ಲ.

ಆಮೇಲೆ ನಡಿಗೆ. ಸರ್ಪೆಂಟಿನೈಟ್ ನೆಲವನ್ನು ದೂರದಿಂದಲೇ ಗುರುತಿಸಬಹುದು. ಆ ಮಣ್ಣಿನಲ್ಲಿ ಮೆಗ್ನೀಸಿಯಂ, ನಿಕ್ಕಲ್ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಪಕ್ಕದ ಇಳಿಜಾರು ಹಸಿರಾಗಿದ್ದರೂ ಇಲ್ಲಿ ಗಿಡಗಳು ಕುಳ್ಳಗೆ, ವಿರಳವಾಗಿ ನಿಂತಿರುತ್ತವೆ. ಹತ್ತಿರ ಹೋದರೆ ಬಂಡೆ ಹಾವಿನ ಚರ್ಮದಂತೆ ಮಿರಿಮಿರಿ ಮಿಂಚುತ್ತದೆ, ಮುಟ್ಟಿದರೆ ಸೋಪಿನ ಹಾಗೆ ಜಾರುತ್ತದೆ. ನಾರಿನ ಪಟ್ಟಿಗಳು ಕೆಲವು ಕಡೆ ಬಿರುಕಿಗೆ ಅಡ್ಡಲಾಗಿ, ಬ್ರಷ್ಷಿನ ಕೂದಲಿನ ಹಾಗೆ ನಿಂತಿರುತ್ತವೆ. ಕೆಲವು ಕಡೆ ಬಿರುಕಿನ ಉದ್ದಕ್ಕೂ ಮಲಗಿರುತ್ತವೆ. ಒದ್ದೆ ಮಾಡಿ ಸೂಜಿಯಿಂದ ಮೆಲ್ಲಗೆ ಎಬ್ಬಿಸಿದರೆ ನಾರಾದರೆ ಇನ್ನೂ ತೆಳ್ಳಗೆ, ಮತ್ತೂ ತೆಳ್ಳಗೆ ಸೀಳುತ್ತಾ ಹೋಗುತ್ತದೆ. ಬರೀ ಹರಳಾದರೆ ಚಕ್ಕೆಯಾಗಿ ಮುರಿಯುತ್ತದೆ.

ಮಾದರಿ ತೆಗೆಯುವ ಕ್ರಮವನ್ನು ನಾನು ಒಮ್ಮೆಯೂ ಬಿಟ್ಟಿಲ್ಲ. ಗಾಳಿಗೆ ಬೆನ್ನು ಮಾಡಿ ನಿಲ್ಲುವುದಿಲ್ಲ, ಯಾಕೆಂದರೆ ಎದ್ದ ಧೂಳು ಸುಳಿ ತಿರುಗಿ ಮುಖಕ್ಕೇ ಬರುತ್ತದೆ. ಗಾಳಿ ಪಕ್ಕದಿಂದ ಬೀಸುವಂತೆ ನಿಲ್ಲುತ್ತೇನೆ. ಸ್ವಲ್ಪ ಸೋಪು ಬೆರೆಸಿದ ನೀರು ಹೊಡೆದು, ಒಳಗೆ ಇಳಿಯಲು ಬಿಟ್ಟು, ಆಮೇಲೆ ತುಂಡು ತೆಗೆಯುತ್ತೇನೆ. ಎರಡು ಚೀಲದೊಳಗೆ ಹಾಕಿ ಬಾಯಿ ಮುಚ್ಚಿ, ಹೊರಗಿನ ಚೀಲವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಮುಖಕ್ಕೆ ಕರವಸ್ತ್ರವಾಗಲಿ ಬಟ್ಟೆಯ ಮಾಸ್ಕಾಗಲಿ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಸಣ್ಣ ಕಣ ತಡೆಯುವ ಫಿಲ್ಟರ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕೇ ಬೇಕು. ಗಡ್ಡ ಇದ್ದರೆ ಅದೂ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ನಾನು ಗಡ್ಡ ಬೋಳಿಸಿದೆ.

ಆ ಸಲ ನನ್ನಿಂದ ಒಂದು ತಪ್ಪಾಯಿತು. ಬಂಡೆಯನ್ನೆಲ್ಲ ನೋಡಿದೆ, ಗುಡ್ಡದ ಬುಡದ ಮಣ್ಣನ್ನು ಬಿಟ್ಟೆ. ಮಳೆ ನೀರು ವರ್ಷವರ್ಷವೂ ನಾರನ್ನು ಕೆಳಗೆ ತಂದು ಹರಡಿರುತ್ತದೆ ಅಂತ ಹೊಳೆಯಲೇ ಇಲ್ಲ. ಜನ ಓಡಾಡುವ ಮಣ್ಣಿನ ದಾರಿ ಇದ್ದದ್ದೇ ಅಲ್ಲಿ. ಎರಡನೇ ಸಲ ಹೋಗಿ ತಂದ ಮಣ್ಣಿನಲ್ಲಿ ಪ್ರಯೋಗಾಲಯಕ್ಕೆ ನಾರು ಸಿಕ್ಕಿತು. ಮೊದಲು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ, ಆಮೇಲೆ ಅದಕ್ಕೆ ಕಾಣದಷ್ಟು ತೆಳುವಾದವುಗಳಿಗಾಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಣ್ಣಿಗೆ ಅದು ಬರೀ ಮಣ್ಣು.

ಆ ದಾರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ತಾಯಿಯೊಬ್ಬರು ಕೇಳಿದರು, "ಈ ಕಲ್ಲಿನ ಹತ್ತಿರ ಇದ್ದರೇ ಕಾಯಿಲೆ ಬರುತ್ತಾ?" ಇಲ್ಲ. ಅಲುಗದೆ ಕೂತ ಬಂಡೆಯಿಂದ ನಾರು ಗಾಳಿಗೆ ಏರುವುದು ತೀರಾ ಕಡಿಮೆ. ಅಗೆದಾಗ, ಒಡೆದಾಗ, ಒಣ ಮಣ್ಣಿನ ಮೇಲೆ ಗಾಡಿ ಓಡಿದಾಗ ನಾರು ಗಾಳಿಗೆ ಏರುತ್ತದೆ. ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಆ ಎಳೆ ಶ್ವಾಸಕೋಶದ ಆಳಕ್ಕೆ ಹೋಗಿ ಚುಚ್ಚಿಕೊಳ್ಳುತ್ತದೆ. ಕಸ ನುಂಗಿ ತೆಗೆಯುವ ನಮ್ಮ ಜೀವಕೋಶಗಳಿಗೆ ಉದ್ದದ ನಾರನ್ನು ನುಂಗಲು ಆಗುವುದಿಲ್ಲ. ಕೆಮ್ಮು ಬರುವುದಿಲ್ಲ, ವಾಸನೆ ಇಲ್ಲ, ಆ ದಿನ ಏನೂ ಗೊತ್ತಾಗುವುದಿಲ್ಲ. ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಹೊದಿಕೆಗೆ ಬರುವ ಮೆಸೊಥೆಲಿಯೋಮಾ, ಇವೆಲ್ಲ ಕಾಣಿಸಿಕೊಳ್ಳುವುದು ಎಷ್ಟೋ ವರ್ಷಗಳ ಮೇಲೆ, ಮೆಸೊಥೆಲಿಯೋಮಾ ಅಂತೂ 20ರಿಂದ 50 ವರ್ಷ ಬಿಟ್ಟು. ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಇನ್ನೂ ಹಲವು ಪಟ್ಟು ಏರುತ್ತದೆ.

ಗಣಿಯಲ್ಲಿ ದುಡಿಯದವರಿಗೂ ಇದು ಬಂದಿದೆ. ಗ್ರೀಸ್ ದೇಶದ ಮೆಟ್ಸೊವೊದಲ್ಲಿ ಟ್ರೆಮೊಲೈಟ್ ಇದ್ದ ಬಿಳಿ ಮಣ್ಣನ್ನು ಮನೆಯ ಗೋಡೆಗೆ ಬಳಿಯುತ್ತಿದ್ದರು. ಆ ಮನೆಗಳವರಲ್ಲಿ ಕೆಲವರಿಗೆ ಮೆಸೊಥೆಲಿಯೋಮಾ ಬಂತು. ಇಟಲಿಯ ಸಿಸಿಲಿ ದ್ವೀಪದ ಬಿಯಾಂಕವಿಲ್ಲಾದಲ್ಲಿ ಊರ ಪಕ್ಕದ ಕಲ್ಲುಗಣಿಯ ಕಲ್ಲಿನಲ್ಲೇ ಮನೆ, ರಸ್ತೆ ಕಟ್ಟಿದ್ದರು. ಅಲ್ಲೂ ಅದೇ ಕಾಯಿಲೆ ಬಂತು. ಆ ಕಲ್ಲಿನಲ್ಲಿ ಫ್ಲೋರೊ ಎಡೆನೈಟ್ ಎಂಬ ನಾರು ಇತ್ತು. ಅದು ಆ ಆರರ ಪಟ್ಟಿಯಲ್ಲೇ ಇಲ್ಲ! ಪಟ್ಟಿಯಲ್ಲಿಲ್ಲದ ನಾರಿಗೂ ನಾನು ಅಷ್ಟೇ ಹೆದರುವುದು ಇದೇ ಕಾರಣಕ್ಕೆ.

ಆ ತಾಯಿಗೆ ನಾನು ಹೇಳಿದ್ದು ಸರಳ. ದಾರಿಯ ಮೇಲೆ ಬೇರೆ ಕಡೆಯ ಮಣ್ಣು ಅಥವಾ ಜಲ್ಲಿ ಹಾಸಿಸುವವರೆಗೆ ಮಕ್ಕಳು ಅಲ್ಲಿ ಮಣ್ಣಾಟ ಆಡುವುದು ಬೇಡ. ಚಪ್ಪಲಿ ಹೊರಗೇ ಬಿಡಿ. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಗುಡ್ಡ ಕಡಿಯುವ ದಿನಗಳಲ್ಲಿ ನಾನು ಅಲ್ಲೇ ಇದ್ದೆ. ಯಂತ್ರ ಇಳಿಯುವ ಮೊದಲು ನೆಲ ಪೂರ್ತಿ ನೆನೆಯಬೇಕು, ತುಂಬಿದ ಲಾರಿಗೆ ಟಾರ್ಪಾಲು ಮುಚ್ಚಬೇಕು, ಗಾಳಿ ಜೋರಾದರೆ ಕೆಲಸ ನಿಲ್ಲಬೇಕು. ಗುತ್ತಿಗೆದಾರರಿಗೆ ಬೇಸರವಾಯಿತು. ಎರಡು ಮಧ್ಯಾಹ್ನ ಕೆಲಸ ನಿಂತೇ ನಿಂತಿತು. ನಾನು ಬಿಟ್ಟುಕೊಡಲಿಲ್ಲ. ಸಂಜೆ ಯಾರೂ ಬೂಟು ತೊಳೆಯದೆ, ಬಟ್ಟೆ ಬದಲಿಸದೆ ಗಾಡಿ ಹತ್ತುವ ಹಾಗಿರಲಿಲ್ಲ. ಯಂತ್ರ ನಡೆಸುವ ಹುಡುಗನೊಬ್ಬ, "ನನ್ನ ಬಟ್ಟೆ ನಾನು ಮನೇಲಿ ಒಗೆಸ್ಕೊಳ್ತೀನಿ, ಬಿಡಿ ಸಾರ್" ಅಂದ. ಒಗೆಯುವವರು ಯಾರು ಅಂತ ಕೇಳಿದೆ. ಅಮ್ಮ ಅಂದ. ಕಲ್ನಾರಿನ ಕೆಲಸಗಾರರ ಬಟ್ಟೆ ಒಗೆದ ಹೆಂಗಸರಿಗೂ ಮೆಸೊಥೆಲಿಯೋಮಾ ಬಂದಿದೆ ಅಂತ ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಮರುದಿನದಿಂದ ಬಟ್ಟೆ ಬದಲಿಸುವ ಕೋಣೆಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದವನು ಅವನೇ.