ಸಾಲುಮರದ ಮಣ್ಣು ರಸ್ತೆಗೆ ಡಾಂಬರು ಬರುತ್ತಿದೆಯೇ? ಮೊದಲು ಅಳತೆ ಟೇಪು ತೆಗೆಯಿರಿ

ನಾನು ಎಂಜಿನಿಯರ್ ಅಲ್ಲ, ವಕೀಲಳೂ ಅಲ್ಲ. ಬಟ್ಟೆ ಹೊಲಿಯುವವಳು. ನಮ್ಮ ಮನೆ ಮುಂದಿನ ಮಣ್ಣು ರಸ್ತೆ 1.8 ಕಿಲೋಮೀಟರ್ ಉದ್ದ. ಎರಡೂ ಬದಿ ಸೇರಿ 63 ಮರ. ಅದಕ್ಕೆ ಡಾಂಬರು ಹಾಕುತ್ತಾರೆ ಅಂತ ಗೊತ್ತಾದ ದಿನ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ರಟ್ಟಿನ ಮೇಲೆ ‘ಮರ ಉಳಿಸಿ’ ಅಂತ ದಪ್ಪ ಅಕ್ಷರದಲ್ಲಿ ಬರೆದು ಗೇಟಿಗೆ ಕಟ್ಟಿದೆ. ಸಂಜೆ ತಿರುವಿನ ಮನೆಯ ಅಜ್ಜ ಬಂದು ಗೇಟಿನಾಚೆಯೇ ನಿಂತರು. “ಮರ ಉಳಿಸ್ತೀಯಮ್ಮ, ಸರಿ. ನನ್ನ ಉಸಿರು ಯಾರು ಉಳಿಸ್ತಾರೆ?” ಅಂದರು.

ಅವರಿಗೆ ಉಬ್ಬಸ. ಪ್ರತಿ ಗಾಡಿಯ ಹಿಂದೆ ಏಳುವ ಧೂಳು ನೇರ ಅವರ ಜಗುಲಿಗೇ ಬರುತ್ತದೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿಯೇ ಆ ರಟ್ಟು ಬಿಚ್ಚಿಟ್ಟೆ. ಆಮೇಲಿನ ಹದಿನಾಲ್ಕು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ರಸ್ತೆಗೂ ಇಂಥ ಸಂದರ್ಭ ಬಂದಿದ್ದರೆ ಉಪಯೋಗಕ್ಕೆ ಬರಬಹುದು.

ಡಾಂಬರು ಕೇಳಿದವರ ಮನೆಗೆ ಮೊದಲು ಹೋಗಿ

ನಿಮ್ಮ ಮಾತಿಗೆ ಹೂಂ ಅನ್ನುವವರ ಮನೆಗೆ ಹೋಗುವುದು ಸುಲಭ, ಆದರೆ ಅದರಿಂದ ಲಾಭ ಕಡಿಮೆ. ಡಾಂಬರು ಬೇಕು ಅಂತ ಸಹಿ ಹಾಕಿದವರ ಮನೆಗೆ ಹೋಗಿ. “ಡಾಂಬರು ಬೇಕಾ ಬೇಡ್ವಾ” ಅಂತ ಕೇಳಬೇಡಿ. “ಯಾಕೆ ಬೇಕು” ಅಂತ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ.

ನಮ್ಮಲ್ಲಿ 22 ಮನೆ. ಹನ್ನೊಂದು ಮನೆಯವರು ಧೂಳು ಅಂದರು. ಏಳು ಮನೆಯವರು ಕೆಸರು ಅಂದರು, ಅದರಲ್ಲಿ ಇಬ್ಬರು ಬೈಕಿನಿಂದ ಬಿದ್ದವರು. ಮೂರು ಮನೆಯವರು ಗುಂಡಿ, ಗಡಗಡ ಅನ್ನುವ ಏರಿಳಿತ ಅಂದರು. ಒಬ್ಬರು ಮಾತ್ರ “ಡಾಂಬರು ಬಂದ್ರೆ ನನ್ನ ಜಾಗಕ್ಕೆ ಬೆಲೆ ಬರುತ್ತೆ” ಅಂತ ನೇರವಾಗಿ ಹೇಳಿದರು. ಅವರು ಕೊನೆಯವರೆಗೂ ನಮ್ಮ ಕಡೆ ಬರಲಿಲ್ಲ. ಆದರೂ ಅವರ ಮೇಲೆ ನನಗೆ ಗೌರವ, ಸುತ್ತಿ ಬಳಸಿ ಮಾತಾಡಲಿಲ್ಲ.

ಆ ಪಟ್ಟಿ ನೋಡಿದಾಗ ನನಗೆ ಹೊಳೆಯಿತು. 22 ಮನೆಯಲ್ಲಿ 21 ಮನೆಗೆ ಬೇಕಾಗಿದ್ದದ್ದು ಡಾಂಬರಲ್ಲ. ಧೂಳಿಲ್ಲದ, ಕೆಸರಿಲ್ಲದ ರಸ್ತೆ.

ಅಂಚಿಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ?

ಎರಡನೇ ಕೆಲಸ, ಕಾಗದ ನೋಡುವುದು. ರಸ್ತೆ ಮಾಡಿಸುವ ಕಚೇರಿಗೆ ಅರ್ಜಿ ಕೊಟ್ಟು ಅಂದಾಜು ಪಟ್ಟಿ, ನಕ್ಷೆ, ಕ್ರಾಸ್ ಸೆಕ್ಷನ್ ಈ ಮೂರೂ ಕೇಳಿ. ಕ್ರಾಸ್ ಸೆಕ್ಷನ್ ಅಂದರೆ ರಸ್ತೆಯನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಕಾಣುವ ಚಿತ್ರ. ನಿಮ್ಮ ಮರಗಳ ಹಣೆಬರಹ ಅದರಲ್ಲೇ ಇರುತ್ತದೆ. ಅರ್ಜಿಯ ಪ್ರತಿ ಮೇಲೆ ದಿನಾಂಕ, ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿ ನಾನು ಎರಡು ತಿಂಗಳು ಕಳೆದುಕೊಂಡೆ.

“ಬರೀ ಮೂರೂವರೆ ಮೀಟರ್ ರಸ್ತೆ, ಒಂದು ಮರಾನೂ ಕಡಿಯಲ್ಲ” ಅಂತ ಕಚೇರಿಯವರು ಅಂದಿದ್ದರು. ಸುಳ್ಳಲ್ಲ. ಆದರೆ ನಾನು ಹೊಲಿಗೆಯವಳು. 36 ಇಂಚಿನ ರವಿಕೆಗೆ 36 ಇಂಚು ಬಟ್ಟೆ ಕತ್ತರಿಸಿದರೆ ಆಗುತ್ತದಾ? ಹೊಲಿಗೆಗೆ, ಮಡಿಕೆಗೆ ಅಂತ ಬಿಡಬೇಕಲ್ವಾ? ರಸ್ತೆಯೂ ಹಾಗೇ. ಡಾಂಬರಿನ ಅಗಲ ಬೇರೆ, ಅಗೆಯುವ ಅಗಲ ಬೇರೆ. ಅಡಿಪಾಯದ ಪದರ ಡಾಂಬರಿಗಿಂತ ಅಗಲ ಇರುತ್ತದೆ. ಅದರಾಚೆ ಎರಡೂ ಕಡೆ ಮಣ್ಣಿನ ಅಂಚು, ಅದರಾಚೆ ಚರಂಡಿ. ನಮ್ಮ ನಕ್ಷೆಯಲ್ಲಿ ಮೂರೂವರೆ ಮೀಟರ್ ರಸ್ತೆಗೆ ಅಗೆತ ಏಳು ಮೀಟರ್ ಇತ್ತು. ಹಾಗಾಗಿ ನಾಲ್ಕು ಪ್ರಶ್ನೆ ಬರೆದೇ ಕೇಳಿ: ಎಷ್ಟು ಅಗಲ ಅಗೆಯುತ್ತೀರಿ, ಎಷ್ಟು ಆಳ, ಚರಂಡಿ ಮರದ ಯಾವ ಬದಿಗೆ, ಯಂತ್ರ ಮತ್ತು ಜಲ್ಲಿ ಎಲ್ಲಿ ನಿಲ್ಲಿಸುತ್ತೀರಿ.

ನಿಮ್ಮ ಪ್ರದೇಶದಲ್ಲಿ ಇಂಥ ರಸ್ತೆಗಳಿಗೆ ಬೇರೆ ರಕ್ಷಣೆ ಇದೆಯೇ ಅಂತಲೂ ಹುಡುಕಿ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1970ರಿಂದ ಒಂದು ಕಾನೂನಿದೆ. 25 ಜನ ಭೂಮಾಲೀಕರು ಅರ್ಜಿ ಹಾಕಿ ತಮ್ಮ ರಸ್ತೆಯನ್ನು ನೈಸರ್ಗಿಕ ಸೌಂದರ್ಯದ ರಸ್ತೆ ಅಂತ ಗುರುತಿಸಲು ಕೇಳಬಹುದು. ವರ್ಜೀನಿಯಾದ ಲೌಡನ್ ಕೌಂಟಿಯ ಹಳೇ ಮಣ್ಣು ರಸ್ತೆಗಳ ಜಾಲವನ್ನು 2020ರಲ್ಲಿ ಆ ದೇಶದ ಅಪಾಯದಲ್ಲಿರುವ ಹನ್ನೊಂದು ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿಸಿದರು. ಮಣ್ಣು ರಸ್ತೆ ಉಳಿಸಿ ಅನ್ನುವುದು ಹುಚ್ಚು ಅಂತ ಯಾರಾದರೂ ನಕ್ಕರೆ ಹೇಳಲು ಇದು ಸಾಕು.

ಮರದ ಲೆಕ್ಕದ ಪುಸ್ತಕ

ಇದು ನನಗೆ ತುಂಬ ಇಷ್ಟವಾದ ಕೆಲಸ. ಕೊರಳಲ್ಲಿ ಟೇಪು ಹೇಗೂ ಇರುತ್ತದೆ. ಒಂದು ಟೇಪು 150 ಸೆಂಟಿಮೀಟರ್, ಮರಕ್ಕೆ ಸಾಲದು. ಎರಡನ್ನು ಪಿನ್ನು ಹಾಕಿ ಸೇರಿಸಿಕೊಂಡೆ.

ಪ್ರತಿ ಮರಕ್ಕೂ ಒಂದು ನಂಬರು ಕೊಡಿ. ನೆಲದಿಂದ ಸುಮಾರು 1.4 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆಯಿರಿ. ಅದನ್ನು 3.14ರಿಂದ ಭಾಗಿಸಿದರೆ ಕಾಂಡದ ಅಡ್ಡಳತೆ ಸಿಗುತ್ತದೆ. ಅದನ್ನು ಹನ್ನೆರಡರಿಂದ ಗುಣಿಸಿ. ಮರದ ಸುತ್ತ ಅಷ್ಟು ದೂರದವರೆಗಿನ ಬೇರಿಗೆ ಪೆಟ್ಟು ಬೀಳಬಾರದು ಅನ್ನುವುದು ಮರ ನೋಡಿಕೊಳ್ಳುವ ತಜ್ಞರು ಸಾಮಾನ್ಯವಾಗಿ ಬಳಸುವ ಲೆಕ್ಕ. ನಮ್ಮ 37ನೇ ನಂಬರಿನ ಹುಣಸೆ ಮರದ ಸುತ್ತಳತೆ 190 ಸೆಂಟಿಮೀಟರ್. ಅಂದರೆ ಅಡ್ಡಳತೆ ಸುಮಾರು 60. ಹನ್ನೆರಡು ಪಟ್ಟು ಅಂದರೆ ಏಳು ಮೀಟರ್‌ಗೂ ಜಾಸ್ತಿ. ಅಗೆತದ ಗೆರೆ ಬುಡದಿಂದ ಒಂದೂವರೆ ಮೀಟರ್‌ನಲ್ಲಿತ್ತು.

ಮರದ ಬೇರು ಆಳಕ್ಕೆ ಇಳಿದಿರುತ್ತದೆ, ಮೇಲೆ ಕೆರೆದರೆ ಏನಾಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಿಜ ಏನೆಂದರೆ ಹೆಚ್ಚಿನ ಬೇರು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ ಹರಡಿರುತ್ತದೆ. ನೀರು ಹೀರುವ ಸಣ್ಣ ಬೇರು ಇನ್ನೂ ಮೇಲೆ. ಕೊಂಬೆಗಳ ನೆರಳು ದಾಟಿಯೂ ಬಹುದೂರ ಹೋಗಿರುತ್ತದೆ. ಜೆಸಿಬಿ ಒಂದು ಬದಿಯ ಬೇರು ಕಿತ್ತರೆ ಮರ ಅವತ್ತೇ ಸಾಯುವುದಿಲ್ಲ. ಮೂರು ನಾಲ್ಕು ವರ್ಷ ಆದಮೇಲೆ ತುದಿಯಿಂದ ಒಣಗುತ್ತಾ ಬರುತ್ತದೆ. ಅಷ್ಟು ಹೊತ್ತಿಗೆ ಕಂಟ್ರಾಕ್ಟರ್ ಬಿಲ್ಲು ತಗೊಂಡು ಹೋಗಿರುತ್ತಾನೆ. ಬೇರು ಕಳೆದುಕೊಂಡ ಮರ ಗಾಳಿಗೆ ಬೀಳುವ ಭಯವೂ ಉಂಟು. ಅದು ಬೀಳುವುದು ಅದೇ ರಸ್ತೆಯ ಮೇಲೆ ಅಲ್ವಾ?

63ರಲ್ಲಿ 41 ಮರ ಅಗೆತದ ವ್ಯಾಪ್ತಿಗೆ ಸಿಕ್ಕಿದವು. ನಂಬರು, ಸುತ್ತಳತೆ, ಅಗೆತದ ಗೆರೆಗೆ ಇರುವ ದೂರ, ಒಂದು ಫೋಟೋ. ಇಷ್ಟೇ ಆ ಪುಸ್ತಕ. ‘ಒಂದು ಮರಾನೂ ಕಡಿಯಲ್ಲ’ ಅನ್ನುವ ಮಾತು ಅದರ ಮುಂದೆ ನಿಲ್ಲಲಿಲ್ಲ.

ಗಾಡಿ ಎಣಿಸುವುದು ಚಿಕ್ಕ ಕೆಲಸ. ಒಂದು ಕೆಲಸದ ದಿನ, ಒಂದು ರಜಾ ದಿನ, ಬೆಳಗಿನಿಂದ ರಾತ್ರಿವರೆಗೆ ಗೆರೆ ಎಳೆಯಿರಿ. ನಮ್ಮಲ್ಲಿ 74 ಮತ್ತು 58 ಬಂತು. ಇಷ್ಟು ಗಾಡಿ ಓಡಿದರೆ ಡಾಂಬರು ಹಾಕಲೇಬೇಕು ಅನ್ನುವ ಒಂದೇ ಸಂಖ್ಯೆ ಎಲ್ಲೂ ಇಲ್ಲ. ಅಮೆರಿಕದ ಬೇರೆ ಬೇರೆ ಕಡೆ ದಿನಕ್ಕೆ 50ರಿಂದ 400–500ರವರೆಗೆ ಬಳಸುತ್ತಾರೆ. ಆದರೂ ಎಣಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ಸಭೆಯಲ್ಲಿ ಯಾರಾದರೂ ‘ಸಾವಿರ ಗಾಡಿ’ ಅಂದುಬಿಡುತ್ತಾರೆ.

ಶತ್ರು ಮಣ್ಣಲ್ಲ, ನೀರು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅಜ್ಜನಿಗೆ ಉತ್ತರ ಸಿಕ್ಕಿದ್ದು ಇಲ್ಲಿಂದಲೇ.

ಮಣ್ಣು ರಸ್ತೆ ಆಮೆ ಬೆನ್ನಿನ ಹಾಗಿರಬೇಕು. ನಡು ಎತ್ತರ, ಎರಡೂ ಬದಿ ಇಳಿಜಾರು. ನಡುವಿನಿಂದ ಅಂಚಿಗೆ ಪ್ರತಿ ಮೀಟರ್‌ಗೆ ಸುಮಾರು 4 ಸೆಂಟಿಮೀಟರ್ ಇಳಿಯಬೇಕು. ಡಾಂಬರಿಗೆ ಇದರ ಅರ್ಧ ಸಾಕು. ಪರೀಕ್ಷೆ ಮಾಡಲು ನೂಲುಂಡೆ, ಎರಡು ಕೋಲು, ಗಾರೆಯವರ ರಸಮಟ್ಟ ಸಾಕು. ರಸ್ತೆಗೆ ಅಡ್ಡಲಾಗಿ ನೂಲನ್ನು ಮಟ್ಟವಾಗಿ ಬಿಗಿದು ನಡುವಿಗೆ ತಾಗಿಸಿ. ನಾಲ್ಕು ಮೀಟರ್ ರಸ್ತೆಯಾದರೆ ಅಂಚಿನಲ್ಲಿ ನೂಲಿಗೂ ನೆಲಕ್ಕೂ 8 ಸೆಂಟಿಮೀಟರ್ ಅಂತರ ಸಿಗಬೇಕು. ನಮ್ಮದರಲ್ಲಿ ನೂಲು ನಡುವಿಗೆ ತಾಗಲೇ ಇಲ್ಲ. ಅಂಚೇ 6 ಸೆಂಟಿಮೀಟರ್ ಎತ್ತರ ಇತ್ತು. ಆಮೆ ಬೆನ್ನಲ್ಲ, ದೋಣಿ.

ಇದು ಹೇಗಾಯಿತು? ಪ್ರತಿ ಸಲ ಗ್ರೇಡರ್ (ರಸ್ತೆ ಕೆರೆದು ಸಮ ಮಾಡುವ ಯಂತ್ರ) ಓಡಿದಾಗ ಕೆರೆದ ಮಣ್ಣು ಅಂಚಿನಲ್ಲಿ ಏರಿಯಾಗಿ ಉಳಿದಿತ್ತು. ಅದರ ಮೇಲೆ ಹುಲ್ಲು ಬೆಳೆದು ಗಟ್ಟಿಯಾಗಿತ್ತು. ಮಳೆನೀರು ಚರಂಡಿಗೆ ಇಳಿಯದೆ ರಸ್ತೆಯಲ್ಲೇ ಹರಿದು ಗುಂಡಿ, ಕೆಸರು ಎಲ್ಲ ಮಾಡುತ್ತಿತ್ತು. ನಮ್ಮಲ್ಲಿ ಚರಂಡಿ ಇತ್ತು. ಅದಕ್ಕೆ ನೀರು ಹೋಗುತ್ತಿರಲಿಲ್ಲ ಅಷ್ಟೇ. ಒಂದು ಭಾನುವಾರ ಹದಿನಾಲ್ಕು ಜನ ಗುದ್ದಲಿ ಹಿಡಿದು ಆ ಏರಿಯನ್ನು ಇಪ್ಪತ್ತು ಕಡೆ ಕಡಿದೆವು. ಮರದ ಬುಡದ ಹತ್ತಿರ ಮಾತ್ರ ಕೈಯಿಟ್ಟಿಲ್ಲ. ಮುಂದಿನ ಮಳೆಗೆ ನೀರು ಬದಿಗೆ ಇಳಿಯುವುದನ್ನು ನೋಡಲು ಅಕ್ಕಪಕ್ಕದವರು ಛತ್ರಿ ಹಿಡಿದು ನಿಂತಿದ್ದರು. ಯಾವ ಭಾಷಣದಿಂದಲೂ ಆಗದ ಕೆಲಸ ಅದು. ನೀವೂ ಮೊದಲು ಅನುಮತಿ ಕೇಳಿಯೇ ಮಾಡಿ, ರಸ್ತೆ ನಮ್ಮ ಸ್ವಂತದ್ದಲ್ಲ.

ಇನ್ನು ಜಲ್ಲಿ. ಬರೀ ಜಲ್ಲಿ ಸುರಿದರೆ ಚಕ್ರಕ್ಕೆ ಸಿಕ್ಕಿ ಬದಿಗೆ ಹಾರುತ್ತದೆ. ಹೊಳೆಯ ಗುಂಡು ಕಲ್ಲಂತೂ ಉರುಳುತ್ತಲೇ ಇರುತ್ತದೆ. ಒಡೆದ ಕಲ್ಲು, ಮರಳು, ಜೊತೆಗೆ ಅಂಟು ಹಿಡಿಯುವಷ್ಟು ಜೇಡಿ ಮಣ್ಣು ಸೇರಿಸಿ, ಸ್ವಲ್ಪ ತೇವದಲ್ಲೇ ರೋಲರ್ ಓಡಿಸಬೇಕು. ಡಾಂಬರಿನ ಅಡಿಗೆ ಹಾಕುವ ಜಲ್ಲಿಯಲ್ಲಿ ಜೇಡಿ ಕಡಿಮೆ. ಅದನ್ನೇ ಮೇಲ್ಮೈಗೆ ಹಾಕಿ “ಮಣ್ಣು ರಸ್ತೆ ನಿಲ್ಲಲ್ಲ” ಅನ್ನುವವರಿದ್ದಾರೆ.

ಧೂಳಿಗೆ ಮೊದಲ ಮದ್ದು ವೇಗ. ವೇಗ ಅರ್ಧ ಆದರೆ ಧೂಳೂ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಗಡಗಡ ಏರಿಳಿತಕ್ಕೂ ಮುಖ್ಯ ಕಾರಣ ವೇಗವೇ. ಎರಡನೆಯದು ಕ್ಯಾಲ್ಸಿಯಂ ಕ್ಲೋರೈಡ್. ಅದು ಗಾಳಿಯ ತೇವ ಎಳೆದುಕೊಂಡು ಮಣ್ಣನ್ನು ಹಸಿಯಾಗಿಡುತ್ತದೆ. ಜೋರು ಮಳೆಗೆ ತೊಳೆದುಹೋಗುತ್ತದೆ, ಮತ್ತೆ ಹಾಕಬೇಕು. ಅದೂ ಒಂದು ಉಪ್ಪೇ, ಜಾಸ್ತಿಯಾದರೆ ಬೇರಿಗೆ ಕೆಟ್ಟದ್ದು. ಹಾಗಾಗಿ ನಾವು ರಸ್ತೆ ಪೂರ್ತಿ ಕೇಳಲಿಲ್ಲ. ಅಜ್ಜನ ಮನೆ ಮುಂದೆ ಮರವಿಲ್ಲದ 60 ಮೀಟರ್‌ಗೆ ಮಾತ್ರ ಕೇಳಿದೆವು.

ಸಭೆಯಲ್ಲಿ

ಒಬ್ಬರೇ ಎಲ್ಲ ಮಾತಾಡಬೇಡಿ. ನಮ್ಮಲ್ಲಿ ಮೂವರು ಮಾತಾಡಿದರು: ಧೂಳಿನ ಬಗ್ಗೆ ಅಜ್ಜ, ಕೆಸರಿನ ಬಗ್ಗೆ ಬೈಕಿನಿಂದ ಬಿದ್ದ ಹುಡುಗ, ಮರದ ಪುಸ್ತಕದ ಬಗ್ಗೆ ನಾನು. ‘ಡಾಂಬರು ಬೇಡ’ ಅಂತ ಕೇಳಿದರೆ ಅಭಿವೃದ್ಧಿ ವಿರೋಧಿ ಅನ್ನುತ್ತಾರೆ. ಅದಕ್ಕೇ ನಾವು ‘ಇದನ್ನು ಮೊದಲು ಮಾಡಿ’ ಅಂತ ಕೇಳಿದೆವು: ನೀರಿನ ದಾರಿ, ಎರಡು ಮೋರಿ, ಸರಿಯಾದ ಗ್ರಾವೆಲ್ (ಮೇಲೆ ಹೇಳಿದ ಕಲ್ಲು, ಮರಳು, ಜೇಡಿಯ ಮಿಶ್ರಣ), ಎರಡು ಮಳೆಗಾಲ ನೋಡಿ ಆಮೇಲೆ ತೀರ್ಮಾನ. ಇದಕ್ಕೆ ಬಲವಾದ ಕಾರಣವೂ ಇದೆ. ನೀರು ಸರಿಹೋಗದ ರಸ್ತೆಯ ಮೇಲೆ ಡಾಂಬರು ಹಾಕಿದರೆ ಅದೂ ಕಿತ್ತುಬರುತ್ತದೆ. ಹಾಗಾಗಿ ಆ ಖರ್ಚು ಯಾವ ದಾರಿಯಲ್ಲೂ ದಂಡವಲ್ಲ. ಡಾಂಬರು ಹಾಕಿದರೆ ಮುಗಿಯಿತು ಅನ್ನುವವರಿಗೆ ಇನ್ನೊಂದು ಮಾತು. 2016ರ ಒಂದು ವರದಿಯ ಪ್ರಕಾರ ಅಮೆರಿಕದ 27 ರಾಜ್ಯಗಳಲ್ಲಿ ಕೆಲವು ಡಾಂಬರು ರಸ್ತೆಗಳನ್ನು ಮತ್ತೆ ಗ್ರಾವೆಲ್ ರಸ್ತೆ ಮಾಡಿದ್ದಾರೆ. ಮುಖ್ಯ ಕಾರಣ, ರಿಪೇರಿಗೆ ದುಡ್ಡಿಲ್ಲ.

ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿ ಕೇಳಿ ತಗೊಳ್ಳಿ. ನಮ್ಮದರಲ್ಲಿ ‘ಎರಡು ಮಳೆಗಾಲ’ ಅನ್ನುವ ಮಾತೇ ಬಿಟ್ಟುಹೋಗಿತ್ತು. ಮತ್ತೆ ಬರೆಸಲು ಮೂರು ಸಲ ಅಲೆದೆ.

ಪೂರ್ತಿ ಗೆಲ್ಲದಿದ್ದರೆ

ನಾವೂ ಪೂರ್ತಿ ಗೆಲ್ಲಲಿಲ್ಲ. ಕೊನೆಯ ಏರಿನ 220 ಮೀಟರ್‌ಗೆ ಡಾಂಬರು ಬಂತು. ಅಲ್ಲಿ ಎಷ್ಟು ಗ್ರಾವೆಲ್ ಹಾಕಿದರೂ ಕೊಚ್ಚಿಹೋಗುತ್ತಿತ್ತು, ಒಪ್ಪಿಕೊಂಡೆವು. ಆದರೆ ಷರತ್ತು ಬರೆಸಿದೆವು. ಅಗಲ ಮೂರು ಮೀಟರ್, ಎದುರು ಗಾಡಿ ಬಂದರೆ ನಿಲ್ಲಲು ಮರವಿಲ್ಲದ ಎರಡು ಕಡೆ ಜಾಗ. ಬುಡದ ಸುತ್ತ ಬೇಲಿ, ಅದರೊಳಗೆ ಯಂತ್ರವೂ ಬೇಡ, ಜಲ್ಲಿ ರಾಶಿಯೂ ಬೇಡ. ಬೇರು ಸಿಕ್ಕರೆ ಯಂತ್ರದಲ್ಲಿ ಎಳೆಯದೆ ಗರಗಸದಲ್ಲಿ ನೇರ ಕೊಯ್ಯಬೇಕು, ಅದೂ ನಮಗೆ ತೋರಿಸಿ. ಚರಂಡಿ ಮರವಿಲ್ಲದ ಬದಿಗೆ. ಬೇಲಿ ಹಾಕಿದ್ದು ನಾವೇ, ಹಳೇ ಸೀರೆ ಅಂಚು ಕಟ್ಟಿ. ಕೆಲಸ ನಡೆದ ಒಂಬತ್ತು ದಿನವೂ ಸರದಿಯಲ್ಲಿ ಒಬ್ಬರು ಅಲ್ಲೇ ಕೂತಿದ್ದರು. ಕೂರದಿದ್ದರೆ ಷರತ್ತು ಕಾಗದದಲ್ಲೇ ಇರುತ್ತಿತ್ತು.

ಉಳಿದ ಮಣ್ಣು ರಸ್ತೆಗೆ ಈಗ ವರ್ಷಕ್ಕೆ ಎರಡು ಸಲ ಗ್ರೇಡರ್ ಬರುತ್ತದೆ. ಪ್ರತಿ ಸಲವೂ ಹೊಸ ಡ್ರೈವರ್. ಅಂಚಿನಲ್ಲಿ ಏರಿ ಬಿಡಬೇಡಿ, ಮಣ್ಣನ್ನು ನಡುವಿಗೆ ಎಳೆಯಿರಿ ಅಂತ ಪ್ರತಿ ಸಲ ಹೊಸದಾಗಿ ಹೇಳಬೇಕು. ಆ ಕೆಲಸ ತಿರುವಿನ ಮನೆಯ ಅಜ್ಜನದ್ದು. ಯಂತ್ರದ ಸದ್ದು ಕೇಳಿದ ಕೂಡಲೇ ಕೋಲು, ನೂಲುಂಡೆ ಹಿಡಿದು ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ.