ಹೊರವಲಯದ ಬಡಾವಣೆಯಲ್ಲಿ ಮನೆ ಕೊಳ್ಳುವ ಮುಂಚೆ
ಬೆಂಗಳೂರಿನ ಅಂಚಿನ ಬಡಾವಣೆಯಲ್ಲಿ ಮನೆ ನೋಡುತ್ತಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ಆ ಜಾಗದಲ್ಲೇ ನಿಂತು ರಾಜ್ಯ ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್ ತೆರೆಯಿರಿ. ಅದು ತೋರಿಸುವ ಸರ್ವೆ ನಂಬರೇ ಕ್ರಯಪತ್ರದಲ್ಲೂ ಇದೆಯಾ ನೋಡಿ. ಗ್ರಾಮ ನಕ್ಷೆಯಲ್ಲಿ ಅಲ್ಲಿ ರಾಜಕಾಲುವೆಯೋ ಖರಾಬೋ (ಸಾಗುವಳಿಗೆ ಬಾರದ್ದೆಂದು ದಾಖಲಾದ ಜಾಗ) ಇದ್ದರೆ, ರಸ್ತೆ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ (ಇಸಿ) 30 ವರ್ಷದ್ದು ತೆಗೆಸಿ. ಸೈಟ್ ನಂಬರಿನ ಮೇಲೆ ಮಾತ್ರ ತೆಗೆಸಿದರೆ ಬಡಾವಣೆಯಾಗುವ ಮುಂಚೆ ಜಮೀನಿನ ಮೇಲಿದ್ದ ಅಡಮಾನ, ಕುಟುಂಬದ ಪಾಲುಪತ್ರ ಕಾಣುವುದೇ ಇಲ್ಲ. ಮೂಲ ಸರ್ವೆ ನಂಬರಿನ ಮೇಲೂ ಬೇಕು.

ಕೃಷಿ ಜಮೀನನ್ನು ಬೇರೆ ಬಳಕೆಗೆ ಬಿಡುವ ಭೂಪರಿವರ್ತನೆ ಆದೇಶವಿದ್ದರೆ ಸಾಕು ಅಂದುಕೊಂಡು ಬಹಳ ಜನ ಎಡವುತ್ತಾರೆ. ಯೋಜನಾ ಪ್ರಾಧಿಕಾರ ಮಂಜೂರು ಮಾಡಿದ ಬಡಾವಣೆ ನಕ್ಷೆಯನ್ನೂ ಪ್ರತ್ಯೇಕವಾಗಿ ಕೇಳಿ, ಉದ್ಯಾನಕ್ಕೆಂದು ಗುರುತಿಸಿದ ಜಾಗ ಈಗ ಖಾಲಿ ಇದೆಯಾ ನೋಡಿ.

ಜೋರು ಮಳೆಯ ಮರುದಿನ ಒಮ್ಮೆ ಹೋಗಿ. ಕಾಂಪೌಂಡ್ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ ಕಂಡರೆ ನೀರು ಅಲ್ಲಿವರೆಗೆ ನಿಂತಿತ್ತು ಎಂದರ್ಥ.