ಓಸ್ಲೋ ಕಾಡಿನ ಸ್ಕೀ ಜಾಡು: ಹಿಂದಕ್ಕೆ ಜಾರದೆ ಏರು ಹತ್ತುವುದು ಹೇಗೆ?

ಪ್ರತಿ ಜನವರಿಯಲ್ಲೂ ಇದೇ ನೋಟ. ನಾರ್ವೆಯ ರಾಜಧಾನಿ ಓಸ್ಲೋದ ಸೋಗ್ನ್ಸ್‌ವಾನ್ ಮೆಟ್ರೋ ನಿಲ್ದಾಣ ದಾಟಿ ಕಾಡು ಹೊಕ್ಕರೆ, ಮೊದಲ ಏರಿನಲ್ಲೇ ಯಾರಾದರೊಬ್ಬರು ಒದ್ದಾಡುತ್ತಿರುತ್ತಾರೆ. ಒಂದು ಹೆಜ್ಜೆ ಮುಂದಿಡುತ್ತಾರೆ, ಎರಡು ಹೆಜ್ಜೆ ಹಿಂದೆ ಜಾರುತ್ತಾರೆ. ಕೋಲು ಊರಿ ಊರಿ ತೋಳು ಸೋತಿರುತ್ತದೆ. ಪಕ್ಕದಲ್ಲೇ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಆರಾಮಾಗಿ ಹತ್ತಿಕೊಂಡು ಹೋಗುತ್ತಾರೆ. ಕೆಲಸಕ್ಕೆಂದು ಇಲ್ಲಿಗೆ ಬಂದ ನಮ್ಮ ಕನ್ನಡದ ಹುಡುಗ ಹುಡುಗಿಯರು ಎಷ್ಟೋ ಜನ ಇದೇ ಏರಿನಲ್ಲಿ ಸ್ಕೀ ಬಿಚ್ಚಿ, ‘ಇದು ನಮಗೆ ಬರುವಂಥದ್ದಲ್ಲ’ ಅಂತ ಮನೆಗೆ ಹೋಗಿದ್ದನ್ನು ನೋಡಿದ್ದೇನೆ. ನನಗೆ ತುಂಬಾ ಬೇಸರವಾಗುತ್ತದೆ. ಯಾಕೆಂದರೆ ಹತ್ತರಲ್ಲಿ ಎಂಟು ಸಲ ತಪ್ಪು ಕಾಲಿನದಲ್ಲ, ಸ್ಕೀ ತಳಕ್ಕೆ ಹಚ್ಚಿದ ಮೇಣದ್ದು. ಅದನ್ನು ಸರಿ ಮಾಡಿಕೊಳ್ಳಲು ಅರ್ಧ ಗಂಟೆ ಸಾಕು.

1. ಜಾಡು ಆರಿಸಿಕೊಳ್ಳಿ

ಓಸ್ಲೋದ ಉತ್ತರಕ್ಕೆ ನೂರ್‌ಮಾರ್ಕಾ ಎಂಬ ದೊಡ್ಡ ಕಾಡಿದೆ. ಇಲ್ಲಿನ ಜಾಡುಗಳನ್ನು ಸಿದ್ಧಮಾಡುವುದು 1883ರಲ್ಲಿ ಶುರುವಾದ ಶೀಫೋರೆನಿಂಗೆನ್ ಎಂಬ ಸಂಘ. ಯಂತ್ರ ಓಡಿಸಿ ಹಿಮ ಒತ್ತಿ, ಎರಡು ಸ್ಕೀ ಕೂರುವಂತೆ ಜೋಡಿ ಗೆರೆ ಕೊರೆಯುತ್ತಾರೆ. ಯಾವ ಜಾಡಿಗೆ ಯಾವಾಗ ಯಂತ್ರ ಹೋಗಿತ್ತು ಅನ್ನುವುದು ಅವರ ನಕ್ಷೆಯಲ್ಲೇ ಸಿಗುತ್ತದೆ. ಜಾಡು ಬಳಸಲು ದುಡ್ಡು ಕೊಡಬೇಕಿಲ್ಲ. ಆದರೂ ಒಂದು ಚಳಿಗಾಲ ಪೂರ್ತಿ ಓಡಾಡುವವರು ಸಂಘದ ಸದಸ್ಯರಾಗಿ ಅಂತ ಹೇಳುತ್ತೇನೆ.

ಮೊದಲ ಸಲಕ್ಕೆ ಐದನೇ ನಂಬರ್ ಮೆಟ್ರೋ ಹಿಡಿದು ಕೊನೆಯ ನಿಲ್ದಾಣ ಸೋಗ್ನ್ಸ್‌ವಾನ್‌ಗೆ ಹೋಗಿ. ಅಲ್ಲಿಂದ ಉಲ್ಲೆವೋಲ್‌ಸೇಟರ್ ಎಂಬ ಕಾಡಿನ ಹೋಟೆಲಿಗೆ ಐದಾರು ಕಿಲೋಮೀಟರ್. ಹೋಗುವಾಗ ಹೆಚ್ಚಾಗಿ ಏರು, ಬರುವಾಗ ಇಳಿಜಾರು. ಒಂದನೇ ನಂಬರ್ ಮೆಟ್ರೋದಲ್ಲಿ 469 ಮೀಟರ್ ಎತ್ತರದ ಫ್ರೋಗ್ನರ್‌ಸೇಟರೆನ್‌ಗೆ ಹೋಗಿ ಅಲ್ಲಿಂದ ಕೆಳಗೆ ಬರುವ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ನಾಲ್ಕನೇ ಐದನೇ ಸಲಕ್ಕೆ ಇಟ್ಟುಕೊಳ್ಳಿ. ಚಳಿಗಾಲದ ಜಾಡಿಗೆ ಕೆಂಪು ಗುರುತು, ಬೇಸಿಗೆಯ ಕಾಲುದಾರಿಗೆ ನೀಲಿ. ಕೆಂಪನ್ನೇ ಹಿಡಿದು ಹೋಗಿ.

2. ಬಟ್ಟೆ

ಮೈಗೆ ತಾಗುವ ಬಟ್ಟೆ ಉಣ್ಣೆಯದಿರಲಿ, ಮೇಲೆ ಗಾಳಿ ತಡೆಯುವ ತೆಳು ಜಾಕೆಟ್. ಹತ್ತಿ ಬಟ್ಟೆ, ಜೀನ್ಸ್ ಬೇಡವೇ ಬೇಡ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಿದರೆ ಸರಿಯಾಗಿದೆ ಅಂತ ತಿಳಿಯಿರಿ.

3. ಸ್ಕೀ ನಿಮ್ಮ ತೂಕಕ್ಕೆ ಸರಿಯೇ ನೋಡಿ

ಜೋಡಿ ಗೆರೆಯಲ್ಲಿ ನಡೆದ ಹಾಗೆ ಹೋಗುವ ಕ್ಲಾಸಿಕ್ ಸ್ಕೀಯನ್ನು ನೆಲದ ಮೇಲಿಟ್ಟರೆ ನಡುಭಾಗ ಬಿಲ್ಲಿನ ಹಾಗೆ ಮೇಲೆದ್ದಿರುತ್ತದೆ. ಎಲ್ಲ ಗುಟ್ಟೂ ಈ ಬಾಗಿನಲ್ಲೇ ಇದೆ. ಎರಡೂ ಕಾಲಿನ ಮೇಲೆ ಸಮವಾಗಿ ನಿಂತಾಗ ನಡುಭಾಗ ಹಿಮಕ್ಕೆ ಒತ್ತುವುದಿಲ್ಲ, ಸ್ಕೀ ಜಾರುತ್ತದೆ. ಪೂರ್ತಿ ಭಾರ ಒಂದೇ ಕಾಲಿಗೆ ಹಾಕಿ ಒತ್ತಿದಾಗ ನಡುಭಾಗ ಹಿಮಕ್ಕೆ ಕೂರುತ್ತದೆ, ಅಲ್ಲಿರುವ ಮೇಣ ಹಿಮ ಕಚ್ಚುತ್ತದೆ. ಆ ಹಿಡಿತದಲ್ಲೇ ನೀವು ಮುಂದೆ ಹೋಗುವುದು.

ನನ್ನ ಮೊದಲ ಸ್ಕೀ ಕೊಟ್ಟ ಅಂಗಡಿಯವರು ಎತ್ತರ ಮಾತ್ರ ಕೇಳಿದರು, ತೂಕ ಕೇಳಲೇ ಇಲ್ಲ. ಆ ಸ್ಕೀ ನನಗೆ ತುಂಬಾ ಬಿರುಸು. ಎಷ್ಟು ಒತ್ತಿದರೂ ಬಾಗು ಕೆಳಗಿಳಿಯುತ್ತಿರಲಿಲ್ಲ. ಎರಡು ತಿಂಗಳು ಸುಮ್ನೆ ಹೋಯಿತು. ಹಾಗಾಗಿ ಕೊಳ್ಳುವಾಗಲೇ ಕಾಗದದ ಪರೀಕ್ಷೆ ಮಾಡಿ. ಗಟ್ಟಿ ಸಮತಟ್ಟು ನೆಲದಲ್ಲಿ ಎರಡೂ ಸ್ಕೀ ಮೇಲೆ ನಿಲ್ಲಿ. ಜೊತೆಗಿರುವವರು ಪಾದದ ನೇರಕ್ಕೆ ಸ್ಕೀ ಕೆಳಗೆ ಒಂದು ಹಾಳೆ ತೂರಿಸಿ ಹಿಂದೆ ಮುಂದೆ ಎಳೆಯಲಿ. ಹಾಳೆ ಸಲೀಸಾಗಿ ಆಡಬೇಕು. ಈಗ ಒಂದೇ ಕಾಲಿನ ಮೇಲೆ ಭಾರ ಹಾಕಿ. ಹಾಳೆ ಸಿಕ್ಕಿಹಾಕಿಕೊಳ್ಳಬೇಕು. ಸಿಕ್ಕದಿದ್ದರೆ ಆ ಸ್ಕೀ ನಿಮ್ಮದಲ್ಲ.

ಎರಡು ಕಾಲಿನ ಮೇಲೆ ನಿಂತಾಗ ಹಾಳೆ ಮುಂದೆ ಎಲ್ಲಿ ನಿಂತಿತು, ಹಿಮ್ಮಡಿ ಕಡೆ ಎಲ್ಲಿ ನಿಂತಿತು, ಎರಡೂ ಕಡೆ ಸ್ಕೀ ಪಕ್ಕಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಹಿಡಿತದ ಮೇಣ ಹಚ್ಚುವುದು ಈ ಎರಡು ಗೆರೆಗಳ ನಡುವೆ ಮಾತ್ರ. ಮುಂತುದಿ ಹಿಂತುದಿಗಳಿಗೆ ಜಾರುವ ಮೇಣ. ಇವೆರಡನ್ನು ಅದಲು ಬದಲು ಮಾಡಿದವರನ್ನೂ ನೋಡಿದ್ದೇನೆ, ಪಾಪ.

ತಳದಲ್ಲಿ ತುಪ್ಪಳದಂಥ ಪಟ್ಟಿ ಅಂಟಿಸಿದ ಸ್ಕೀಗಳೂ ಬರುತ್ತವೆ, ಅವಕ್ಕೆ ಹಿಡಿತದ ಮೇಣ ಬೇಡ. ಸೊನ್ನೆ ಡಿಗ್ರಿ ಆಸುಪಾಸಿನ ದಿನಗಳಿಗೆ ಅವು ನಿಜಕ್ಕೂ ಒಳ್ಳೆಯವು. ಆದರೂ ಮೈನಸ್ ಐದರ ಒಣ ಹಿಮದಲ್ಲಿ ಮೇಣದ ಸ್ಕೀ ಕೊಡುವ ಜಾರು ಬೇರೆ ಯಾವುದೂ ಕೊಡುವುದಿಲ್ಲ. ಕಲಿಯುವುದಾದರೆ ಇದನ್ನೇ ಕಲಿಯಿರಿ.

4. ಮೇಣ: ಎಲ್ಲರೂ ಎಡವುವುದು ಇಲ್ಲೇ

ಹೊಸದಾಗಿ ಬಿದ್ದ ತಣ್ಣನೆಯ ಹಿಮದ ಹರಳುಗಳು ಚೂಪಾಗಿರುತ್ತವೆ. ಅವು ಗಟ್ಟಿ ಮೇಣಕ್ಕೂ ಚುಚ್ಚಿಕೊಳ್ಳುತ್ತವೆ. ಬೆಚ್ಚಗಾದ, ಹಳೆಯದಾದ ಹಿಮದ ಹರಳು ದುಂಡಗಾಗಿರುತ್ತದೆ, ಅದಕ್ಕೆ ಮೆತ್ತನೆಯ ಮೇಣ ಬೇಕು. ಮೇಣ ಗಟ್ಟಿಯಾದರೆ ಹಿಂದಕ್ಕೆ ಜಾರುತ್ತೀರಿ. ಮೆತ್ತಗಾದರೆ ಹಿಮ ಸ್ಕೀಗೆ ಮೆತ್ತಿಕೊಂಡು ಎತ್ತರದ ಚಪ್ಪಲಿ ಹಾಕಿದ ಹಾಗಾಗುತ್ತದೆ.

ಮೇಣದ ಡಬ್ಬಿಗಳಿಗೆ ಬಣ್ಣಗಳಿವೆ. ಹೆಚ್ಚು ಚಳಿಗೆ ಹಸಿರು, ನಂತರ ನೀಲಿ, ಸೊನ್ನೆ ಹತ್ತಿರ ನೇರಳೆ, ಒದ್ದೆ ಹಿಮಕ್ಕೆ ಕೆಂಪು. ಒಂದೇ ಡಬ್ಬಿ ಕೊಳ್ಳುವುದಾದರೆ ಸ್ವಿಕ್ಸ್ ಕಂಪನಿಯ ಬ್ಲೂ ಎಕ್ಸ್‌ಟ್ರಾ ಕೊಳ್ಳಿ. ಹೊಸ ಹಿಮದಲ್ಲಿ ಮೈನಸ್ 1ರಿಂದ ಮೈನಸ್ 7ರವರೆಗೆ ನಡೆಯುತ್ತದೆ. ಓಸ್ಲೋದ ಜಾಸ್ತಿ ದಿನಗಳಿಗೆ ಅಷ್ಟು ಸಾಕು. ಬಾಲ್ಕನಿಯ ಥರ್ಮಾಮೀಟರ್ ನಂಬಬೇಡಿ. ಊರಿಗೂ ಕಾಡಿನ ಮೇಲ್ಭಾಗಕ್ಕೂ ಎರಡು ಮೂರು ಡಿಗ್ರಿ ವ್ಯತ್ಯಾಸ ಇರುವುದು ಮಾಮೂಲು.

ಹಚ್ಚುವ ಕ್ರಮ ಹೀಗೆ. ತಳ ಒಣಗಿರಬೇಕು. ಒಂದು ಹನಿ ನೀರಿದ್ದರೂ ಮೇಣ ಹಿಡಿಯುವುದಿಲ್ಲ. ಮಾರ್ಕರ್ ಗೆರೆಗಳ ನಡುವೆ ಸೀಮೆಸುಣ್ಣ ಎಳೆದ ಹಾಗೆ ತೆಳ್ಳಗೆ ಹಚ್ಚಿ. ಕಾರ್ಕ್ ತುಂಡಿನಿಂದ ಗಸಗಸ ಉಜ್ಜಿ, ಮೇಲ್ಮೈ ನುಣ್ಣಗೆ ಹೊಳೆಯುವವರೆಗೆ. ಆಮೇಲೆ ಎರಡನೇ ಪದರ, ಮತ್ತೆ ಉಜ್ಜಿ. ಹೀಗೆ ನಾಲ್ಕು ಪದರ. ಬೆಣ್ಣೆ ಬಳಿದ ಹಾಗೆ ಒಂದೇ ದಪ್ಪ ಪದರ ಹಚ್ಚಿದರೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಕಿತ್ತು ಬರುತ್ತದೆ. ನಾನು ನೋಡಿದ ತಪ್ಪುಗಳಲ್ಲಿ ಇದೇ ಮೊದಲನೆಯದು.

ಎರಡನೆಯದು ಆತುರ. ಬೆಚ್ಚನೆಯ ಮನೆಯಲ್ಲಿ ಮೇಣ ಹಚ್ಚಿ, ಸೀದಾ ಹಿಮಕ್ಕೆ ಇಳಿಯುತ್ತಾರೆ. ಬಿಸಿ ತಳಕ್ಕೆ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ಕೂರುತ್ತದೆ. ಸ್ಕೀಯನ್ನು ಹೊರಗೆ ಒರಗಿಸಿ ಕಾಲು ಗಂಟೆ ತಣ್ಣಗಾಗಲು ಬಿಡಿ. ಅಷ್ಟರಲ್ಲಿ ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಳ್ಳಬಹುದು.

ಜಾಡಿನಲ್ಲಿ ಹಿಂದಕ್ಕೆ ಜಾರಿದರೆ ಮೊದಲು ಅದೇ ಮೇಣದ ಇನ್ನೊಂದು ಪದರ ಹಾಕಿ, ಮುಂದಕ್ಕೆ ನಾಲ್ಕು ಬೆರಳು ಹೆಚ್ಚು ಹಚ್ಚಿ. ಆಗಲೂ ಜಾರಿದರೆ ಅದರ ಮೇಲೆ ಒಂದು ಹಂತ ಮೆತ್ತನೆಯದು. ಗಟ್ಟಿಯದರ ಮೇಲೆ ಮೆತ್ತನೆಯದು ಕೂರುತ್ತದೆ, ಮೆತ್ತನೆಯದರ ಮೇಲೆ ಗಟ್ಟಿಯದು ಕೂರುವುದಿಲ್ಲ. ಹಿಮ ಮೆತ್ತಿಕೊಂಡರೆ ಬೇರೆ ದಾರಿ ಇಲ್ಲ, ಪೂರ್ತಿ ಕೆರೆದು ಹೊಸದಾಗಿ ಹಚ್ಚಬೇಕು. ಹಾಗಾಗಿ ಜೇಬಿನಲ್ಲಿ ಎರಡು ಡಬ್ಬಿ, ಕಾರ್ಕ್, ಕೆರೆಯುವ ಪಟ್ಟಿ ಇರಲೇಬೇಕು.

ಕರಗಿ ಮತ್ತೆ ಗಟ್ಟಿಯಾದ ಮಂಜುಗಡ್ಡೆಯಂಥ ಜಾಡಿಗೆ ಕ್ಲಿಸ್ಟರ್ ಎಂಬ ಅಂಟು ಬೇಕು. ಟ್ಯೂಬಿನಲ್ಲಿ ಬರುತ್ತದೆ, ನಮ್ಮ ಹಲಸಿನ ಮೇಣದ ಥರವೇ. ಮುಟ್ಟಿದ್ದಕ್ಕೆಲ್ಲ ಹತ್ತುತ್ತದೆ. ಕೈಗೆ ಅಂಟಿದರೆ ಹಲಸಿಗೆ ಮಾಡುವ ಹಾಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ. ಮೊದಲ ವರ್ಷ ಇದರ ತಂಟೆಗೆ ಹೋಗಬೇಡಿ, ಅಂಥ ದಿನ ತುಪ್ಪಳದ ಪಟ್ಟಿಯ ಸ್ಕೀ ಬಾಡಿಗೆಗೆ ತನ್ನಿ.

‘ಎಲ್ಲ ಹವೆಗೂ ಒಂದೇ’ ಅಂತ ಮಾರುವ ದ್ರವ ಮೇಣ ಕೊಳ್ಳಬೇಡಿ. ನಾನು ತಂದ ಎರಡೂ ಬಾಟಲಿ ಎರಡು ಕಿಲೋಮೀಟರಿಗೆ ಕೈಕೊಟ್ಟವು. ಹಳೆ ಸಾಮಾನಿನ ಸಂತೆಯಲ್ಲಿ ಫ್ಲೋರಿನ್ ಇರುವ ಮೇಣ ಅಗ್ಗಕ್ಕೆ ಸಿಕ್ಕರೂ ಬೇಡ. ಅದು ಮಣ್ಣು ನೀರಿನಲ್ಲಿ ನಾಶವಾಗದೆ ಉಳಿಯುವ ವಿಷ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಸ್ಪರ್ಧೆಗಳಲ್ಲೂ 2023–24ರ ಋತುವಿನಿಂದ ಅದಕ್ಕೆ ನಿಷೇಧವಿದೆ.

5. ಹೆಜ್ಜೆ

ಏರಿನಲ್ಲಿ ಕಾಲನ್ನು ಹಿಂದಕ್ಕೆ ಒದೆಯಬೇಡಿ, ಕೆಳಕ್ಕೆ ಒತ್ತಿ. ಪೂರ್ತಿ ಭಾರ ಒಂದು ಕಾಲಿಗೆ, ಆಮೇಲೆ ಇನ್ನೊಂದಕ್ಕೆ. ಅರ್ಧರ್ಧ ಭಾರ ಹಾಕಿದರೆ ಎಂಥ ಮೇಣವೂ ಹಿಡಿಯದು. ಏರು ತೀರಾ ಕಡಿದಾದರೆ ಜಾಡಿನ ಜೋಡಿ ಗೆರೆಯಿಂದ ಹೊರಬನ್ನಿ, ಮುಂತುದಿಗಳನ್ನು ಅಗಲಿಸಿ, ಒಳ ಅಂಚು ಒತ್ತಿಕೊಂಡು ಹತ್ತಿ.

ಇಳಿಜಾರಿನಲ್ಲಿ ಇದರ ಉಲ್ಟಾ. ಮುಂತುದಿ ಹತ್ತಿರ, ಹಿಂತುದಿ ಅಗಲ, ಮಂಡಿ ಬಗ್ಗಿಸಿ. ಇಳಿಯುವವರಿಗೆ ದಾರಿ ಬಿಡುವುದು ಇಲ್ಲಿನ ರೂಢಿ. ಬಿದ್ದರೆ ಬೇಗ ಪಕ್ಕಕ್ಕೆ ಸರಿದು, ಆದ ಗುಂಡಿ ಮುಚ್ಚಿ ಹೋಗಿ. ಸ್ಕೀ ಇಲ್ಲದೆ ಬೂಟುಗಾಲಿನಲ್ಲಿ ಗೆರೆ ತುಳಿಯಬೇಡಿ. ಸೊನ್ನೆಗಿಂತ ಕೆಳಗೆ ರಾತ್ರಿಯೆಲ್ಲ ಯಂತ್ರ ಓಡಿಸಿ ಮಾಡಿದ ಕೆಲಸ ಅದು.

6. ವಾಪಸು

ಉಲ್ಲೆವೋಲ್‌ಸೇಟರ್‌ನಲ್ಲಿ ದೋಸೆಯಂತೆ ಬಿಸಿಬಿಸಿ ವಾಫಲ್ ಸಿಗುತ್ತದೆ. ಕಂದು ಚೀಸ್ ಹಾಕಿಸಿಕೊಂಡು ತಿನ್ನಿ. ಆದರೆ ಗಡಿಯಾರ ನೋಡುತ್ತಿರಿ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ದೀಪ ಎಲ್ಲ ಜಾಡಿನಲ್ಲೂ ಇಲ್ಲ. ತಲೆಗೆ ಕಟ್ಟುವ ಟಾರ್ಚ್ ಒಯ್ಯಿರಿ. ಮೆಟ್ರೋ ಹತ್ತುವ ಮೊದಲು ಎರಡೂ ಸ್ಕೀಗಳ ತಳ ಒಳಗೆ ಬರುವ ಹಾಗೆ ಜೋಡಿಸಿ ಪಟ್ಟಿ ಬಿಗಿಯಿರಿ, ಪಕ್ಕದವರ ಕೋಟಿಗೆ ಮೇಣ ಹತ್ತುವುದಿಲ್ಲ. ಮನೆಗೆ ಬಂದ ಸಂಜೆಯೇ ತಳ ಕೆರೆದು ಒರೆಸಿಡಿ.